ಪಡಸಾಲಿ ರೊಕ್ಕದ ಫ್ರಿಜ್ಜು

ಮತ್ತ ನಿಂತೈತಿ.
ನಸುಕಿನ್ಯಾಗ ಎದ್ದು ಕಾಲಿಟ್ರ ಅಡಗಿಮನಿ ತುಂಬ ನೀರು,
ಗೋದಿ ಡಬ್ಬಿ ಬುಡಕ್ಕ ಮುಟ್ಟಿ ಸುಮ್ಮನ ನಿಂತಿತ್ತು.
"ಬಂತೇನ?" ಅಂದ್ಲು ಅತ್ತಿ, ಹಾಸಿಗ್ಯಾಗಿಂದನ.
ನೀರು ಅನ್ನಲಿಲ್ಲ. ಬರೇ, ಬಂತೇನ.
ಹಳೇ ಊರಾಗ ಹಿಂಗ ಕೇಳ್ತಿದ್ರಂತ
ಹೊಳಿ ಕಡೆ ಹೋಗಿ ಬಂದವರನ್ನ.

ಲಾಲಸಾಬ ಬಂದ, ತುಟಿ ನಡುವ ಸ್ಕ್ರೂ ಕಚಗೊಂಡು.
ಗ್ವಾಡಿ ಕಡೆ ಮುಖ ಮಾಡಿ ನಿಲ್ಲಿಸಿದ ಅದನ್ನ,
ಮಗ್ಗಿ ಬರದ ಹುಡುಗನಂಗ.
ಯುಗಾದಿಗೆ ರಿಲೇ ಅಂದಿದ್ದ,
ಕಾರಹುಣ್ಣಿವಿಗೆ ಗ್ಯಾಸ್,
ನಡುವ ಒಮ್ಮೆ ಇಲಿ.
ಈ ಸಲ ಬೆನ್ನಿಗೆ ಕಿವಿ ಹಚ್ಚಿ ಭಾಳ ಹೊತ್ತು ಕೇಳಿದ,
ಸ್ಕ್ರೂ ತಗದು ಅಂಗೈಯಾಗ ಇಟಗೊಂಡು
"ಅಕ್ಕಾರ, ಇದಕ್ಕ ವಯಸ್ಸಾತು" ಅಂದ,
ಅತ್ತಿಗೆ ಕೇಳಬಾರದಂತ ಮೆಲ್ಲಕ.
ಕೇಳ್ತು.
"ನಿನಗ ಆಗಿಲ್ಲೇನಪಾ?"

ಇದು ಪಡಸಾಲಿ ರೊಕ್ಕದ್ದು.
ಮುಳುಗಡಿ ಅಳತಿಗೆ ಬಂದವರು
ತೊಲಿ ಎಣಿಸಿದ್ರಂತ, ಬಾಗಲಾ ಎಣಿಸಿದ್ರಂತ,
ಹಿತ್ತಲ ಬೇವಿನ ಗಿಡದ ಸೊಂಟಕ್ಕ ಟೇಪ್ ಸುತ್ತಿದ್ರಂತ.
ಪಡಸಾಲಿ ಕಂಬಕ್ಕ ಬೆನ್ನು ಹಚ್ಚಿ ಕುಂತಿದ್ದಾಕಿಗೆ
"ಯಕ್ಕಾ, ಸ್ವಲ್ಪ ಸರೀರಿ" ಅಂದ್ರಂತ.
ಸರದ್ಲು.
ಕೋಲಿ ರೊಕ್ಕ ಹೊಸಾ ಗ್ವಾಡಿಗೆ ಹೋತು,
ಬಾಗಲದ ರೊಕ್ಕ ನಾದಿನಿ ಲಗ್ನಕ್ಕ,
ಬೇವಿನ ಗಿಡದ್ದು ಎಲ್ಲಿ ಹೋತೋ
ಮಾವ ಹೇಳದನ ಹೋದ.
ಉಳದದ್ದು ಪಡಸಾಲಿ ಒಂದು.
ಅದನ್ನ ತಂದು ನವನಗರದ ಈ ಸೆಕ್ಟರಿನ್ಯಾಗ
ಪ್ಲಗ್ಗಿಗೆ ಸಿಗಿಸಿದ್ಲು ಅತ್ತಿ.

ಆಗ ಓಣಿ ಅಂಬೂದು ಇರಲಿಲ್ಲ ಇಲ್ಲೆ.
ಕಿಲ್ಲಾದವರ ಬಾಜೂಕ ಪ್ಯಾಟಿಯವರು,
ಪ್ಲಾಟ್ ನಂಬರ ಹೇಳಿ ಒಬ್ಬರನ್ನೊಬ್ಬರು ಕರ್ಯಾವರು.
ಬ್ಯಾಸಗಿಗೆ ತಾಟು ಹಿಡಕೊಂಡು ಐಸ್ ಕೇಳಾಕ ಬಂದ್ರು,
ಟ್ರೇದಾಗಿನ ನೀರು ಗಟ್ಟಿ ಆಗುಮಟ
ನೆಲದ ಮ್ಯಾಲ ಕುಂತು
ಯಾರ ಮನಿ ಎಷ್ಟು ಮುಳುಗೇತಿ ಮಾತಾಡಿದ್ರು.
ಇದು ಸಣ್ಣಗ ಗುಂಯ್ ಅಂತಿತ್ತಂತ,
ತನ್ನದೂ ಒಂದು ಮಾತೈತಿ ಅನ್ನೂವಂಗ.

ಈಗ ಎಲ್ಲಾರ ಮನ್ಯಾಗೂ ಎರಡು ಬಾಗಲದ್ದು.
ಐಸ್ ಕೇಳಾಕ ಯಾರೂ ಬರೂದಿಲ್ಲ.
ಇದು ನಿಂತಾಗ ನಾನ ಹೊಂಡಬೇಕು.
ಅತ್ತಿ ಇನ್ಸುಲಿನ್ ಮೆಳ್ಳಿಗೇರಿ ಟೀಚರ ಮನಿಗೆ,
ಹಾಲು, ದ್ವಾಸಿ ಹಿಟ್ಟು ನದಾಫರ ಮನಿಗೆ,
ಮಗಳು ಮಾಡಿಟ್ಟ ಮಾವಿನ ಕುಲ್ಫಿ
ಎದುರಿನ ಹೊಸಾ ಬಾಡಿಗಿಯವರಿಗೆ, ಹೆಸರೂ ಗೊತ್ತಿರಲಿಲ್ಲ.
ಸಂಜಿಗೆ ಇಸಗೊಳ್ಳಾಕ ಹೋದ್ರ
ಬಾಗಲದಾಗ ನಿಂದ್ರಿಸಿ ಕೊಟ್ಟು ಕಳಸೂದಿಲ್ಲ ಯಾರೂ.
ಕುಂದರ್ರಿ. ಚಾ ಆಗೇತಿ.
ನಿನ್ನೆ ಗೊತ್ತಾತು, ಎದುರಿನಾಕಿ ಹೆಸರು ಫಕೀರವ್ವ,
ಬಸ್ಸಿನ್ಯಾಗ ಆಕಿಗೂ ವಾಂತಿ ಬರತೈತಿ, ನನ್ನಂಗ.

ಇವರು ಮಾತ್ರ ಕೇಳಲಿಲ್ಲ. ಹೇಳಿ ಬಂದ್ರು ಅಂಗಡಿಗೆ.
ಎಕ್ಸ್‌ಚೇಂಜಿನ ಹುಡುಗ ಬಂದ,
ಬಾಗಲಾ ತಗದ, ಹಾಕಿದ, ಮತ್ತ ತಗದ,
ಒಳಗ ಅರ್ಧ ಲಿಂಬಿಹಣ್ಣು, ಕತ್ತಲಿ.
ಮೊಬೈಲನ್ಯಾಗ ಬೆರಳಾಡಿಸಿ ಹನ್ನೊಂದು ನೂರು ಅಂದ.
ಅತ್ತಿ ಅದರ ಮಗ್ಗಲಿಗೆ ಬೆನ್ನು ಹಚ್ಚಿ
ನೆಲಕ್ಕ ಕುಂತು ಬಳ್ಳೊಳ್ಳಿ ಸುಲೀತಿದ್ಲು.
"ಅಜ್ಜಿ, ಸ್ವಲ್ಪ ಸರೀರಿ, ಫೋಟೋ ಹೊಡೀಬೇಕು."
ಅತ್ತಿ ಇನ್ನೊಂದು ಬಳ್ಳೊಳ್ಳಿ ತಗೊಂಡ್ಲು.
ಹುಡುಗ ಕಾದ. ಇವರು ಕೆಮ್ಮಿದ್ರು.
ಕಡೀಕ ಆಕಿನ್ನೂ ಹಿಡದನ ಹೊಡದ.
ಅಂಗಡಿಯವರು ನೋಡಿ ಏನು ತಿಳಕೊಂಡ್ರೋ,
ರೇಟ್ ಏರಲಿಲ್ಲ.
ಐತವಾರ ಒಯ್ತಾರಂತ.

ರಾತ್ರಿ ಎರಡರ ಸುಮಾರು ಎಚ್ಚರಾತು.
ಏನೂ ಸಪ್ಪಳಿಲ್ಲ ಅಂತ ಎಚ್ಚರಾತೋ
ಸಪ್ಪಳಾತಂತ ಎಚ್ಚರಾತೋ ತಿಳೀಲಿಲ್ಲ.
ಅಡಗಿಮನ್ಯಾಗ ಒಮ್ಮೆ ಮೈ ಜಾಡಿಸಿ
ಗುಂಯ್ ಅನ್ನಾಕ ಹತ್ತಿತ್ತು ತನ್ನಷ್ಟಕ್ಕ.
ಹೋಗಿ ಬಾಗಲಾ ತಗದೆ. ಲೈಟ್ ಹತ್ತಿತು.
ತಂಪು ಪಾದಕ್ಕ ಇಳೀತು.

ಇನ್ಸುಲಿನ್ ಇನ್ನೂ ಟೀಚರ ಮನ್ಯಾಗೈತಿ,
ಹಿಟ್ಟು ನದಾಫರಲ್ಲಿ.
ಈಗ ಮುಂಜಾನಿ ಹತ್ತು ಗಂಟೆ.
ಚಾಲೂ ಆದದ್ದನ್ನ ನಾ ಇನ್ನೂ ಯಾರಿಗೂ ಹೇಳಿಲ್ಲ.